ಒಂಟಿ ಹೌದು

ಫೆಬ್ರವರಿ ೫, ಸೋಮವಾರ

ಇವತ್ತು ಮೂರು ಕಂಪನಿಗಳಿಗೆ ಇಲ್ಲ ಎಂದೆ. ಮೊದಲನೆಯದು ನಾಯಿಗಳಿಗೆ ಡಾಕ್ಟರನ್ನು ಹುಡುಕಿಕೊಡುವ ಆ್ಯಪ್. ಎರಡನೆಯದು ಏನೆಂದು ಅದನ್ನು ಕಟ್ಟುತ್ತಿರುವವರಿಗೇ ಗೊತ್ತಿರಲಿಲ್ಲ. ಮೂರನೆಯವನು ಬಹಳ ಚೆನ್ನಾಗಿ ಮಾತಾಡಿದ, ನನ್ನ ಅನುಮಾನಕ್ಕೆ ಅಷ್ಟೇ ಸಾಕಾಯಿತು.

ಇನ್ನೂ ಸರಿಯಾಗಿ ಕಣ್ಣು ಬಿಡದ ಕಂಪನಿಗಳಿಗೆ ಮೊದಲ ದುಡ್ಡು ಹಾಕುವುದು ನಮ್ಮ ಫಂಡಿನ ಕಸುಬು. ಹಾಕುವುದಕ್ಕಿಂತ ಹಾಕದಿರುವುದೇ ಹೆಚ್ಚು. ಬೇರೆ ಕಡೆಯವರು ಎರಡು ಸಾಲಿನ ಮೇಲ್ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಕಂಪನಿಯನ್ನು ಯಾರು ತಂದರೋ ಅವರೇ ಹೋಗಿ, ಎದುರು ಕೂತು, ಮುಖ ನೋಡಿ ಇಲ್ಲ ಎನ್ನಬೇಕು. ಇದು ದೊಡ್ಡವರು, ಅಂದರೆ ಈ ಫಂಡ್ ಶುರುಮಾಡಿದವರು, ಮಾಡಿದ ನಿಯಮ. ನನಗಂತೂ ರೂಢಿಯಾಗಿದೆ. ಬೆನ್ನ ಹಿಂದೆ ನನಗೆ ‘ಇಲ್ಲಮ್ಮ’ ಎನ್ನುತ್ತಾರೆಂಬುದೂ ಗೊತ್ತು. ಅಂದುಕೊಳ್ಳಲಿ.

ಸಂಜೆ ದೊಡ್ಡವರು ಒಳಗೆ ಕರೆದರು. “ನೋಡಮ್ಮ, ಕಿಟಕಿ ರೂಮು ಖಾಲಿ ಆಗ್ತಿದೆ. ಮೇ ಹೊತ್ತಿಗೆ ಯಾರನ್ನಾದ್ರೂ ಪಾಲುದಾರರನ್ನಾಗಿ ಕೂರಿಸ್ಬೇಕು. ತಪ್ಪು ಹುಡುಕೋದ್ರಲ್ಲಿ ನಿನ್ನನ್ನ ಬಿಟ್ರಿಲ್ಲ. ಆದ್ರೆ ನಿನ್ನದು ಅಂತ ಹೇಳ್ಕೊಳ್ಳೋಕೆ ಒಂದು ಕಂಪನಿ ಇದೆಯಾ?”

ಇಲ್ಲ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ‘ಒಂಟಿ ಹೌದು’ ಇದೆ. ಉಳಿದವರೆಲ್ಲ ಬೇಡ ಎಂದರೂ ನೀವೊಬ್ಬರೇ ಹೌದು ಎನ್ನಬಹುದು, ಯಾರೂ ತಡೆಯುವಂತಿಲ್ಲ. ಆದರೆ ಜೀವಮಾನಕ್ಕೆ ಒಂದೇ ಸಲ. ಬಾಯಿಂದ ಹೊರಬಿದ್ದರೆ ಮುಗಿಯಿತು. ನನ್ನ ಪಕ್ಕದ ಮೇಜಿನ ಮೀಸೆ ತನ್ನದನ್ನು ಬಂದ ಎರಡನೇ ವರ್ಷವೇ ಖರ್ಚು ಮಾಡಿ, ಆ ಕಂಪನಿ ಬೆಳೆದ ಮೇಲೆ ಅದೇ ಮೀಸೆಯನ್ನು ತಿರುವುತ್ತಾ ಓಡಾಡುತ್ತಿದ್ದಾನೆ. ನಾನು ನನ್ನದನ್ನು ಉಡದ ರೇಷ್ಮೆ ಸೀರೆಯ ಹಾಗೆ ಮಡಿಸಿಟ್ಟುಕೊಂಡು ಕೂತಿದ್ದೇನೆ. ಕಿಟಕಿ ರೂಮು ನನಗೆ ಬೇಕು. ಬೇಕೇ ಬೇಕು.

ಮನೆಗೆ ಬಂದರೆ ಲಿಫ್ಟ್ ಮತ್ತೆ ಕೆಟ್ಟಿತ್ತು. ಆರನೇ ಮಹಡಿಗೆ ಹತ್ತಿದೆ. ಬಾಗಿಲು ತೆಗೆದ ಅತ್ತೆ ಮೊದಲು ಕೇಳಿದ್ದು, “ಹಾಲು ತಂದ್ಯಾ?”

ತಂದಿರಲಿಲ್ಲ.

ಫೆಬ್ರವರಿ ೧೫, ಗುರುವಾರ

ಇವತ್ತು ಬಂದ ಇಬ್ಬರು ಅಕ್ಕ, ತಮ್ಮ. ತಮ್ಮ ಲ್ಯಾಪ್‌ಟಾಪ್ ಬಿಚ್ಚುವ ಮೊದಲೇ ಅಕ್ಕ ಚೀಲದಿಂದ ತಿಂಡಿ ಡಬ್ಬಿಯಷ್ಟು ದೊಡ್ಡದೊಂದು ಕಪ್ಪು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು.

“ಇದು ಲಿಫ್ಟಿನ ಸದ್ದು ಕೇಳುತ್ತೆ. ಕೆಡೋಕೆ ಮುಂಚೆನೇ ಎಲ್ಲಿ ಕೆಡುತ್ತೆ ಅಂತ ಹೇಳುತ್ತೆ. ನಿಮ್ಮ ಲಿಫ್ಟ್ ರೂಮಿನ ಬೀಗದ ಕೈ ಕೊಡಿಸ್ತೀರಾ?”

“ಮೊದಲು ನಿಮ್ಮ ಪ್ರೆಸೆಂಟೇಶನ್ ನೋಡೋಣ,” ಎಂದೆ.

“ಅದು ಇವನ ಹತ್ರ ಇದೆ, ಚೆನ್ನಾಗಿಲ್ಲ,” ಎಂದಳು. ತಮ್ಮ ನೆಲ ನೋಡಿದ.

ಅಕ್ಕ ಮೋಟಾರು ತಯಾರಿಸುವ ದೊಡ್ಡ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವಳು, ಮೇಲಿನವರ ಜೊತೆ ಜಗಳವಾಡಿ ಬಿಟ್ಟವಳು. ಈ ಜಂಬ ನೋಡಿದರೆ ಅವರೇ ಬಿಡಿಸಿರಬೇಕು ಅನ್ನಿಸಿತು. ಪೆಟ್ಟಿಗೆಯನ್ನು ಒಂದು ಗಂಟೆ ನಮ್ಮ ಲಿಫ್ಟಿನ ಮೋಟಾರಿಗೆ ಅಂಟಿಸಿ ಬಂದು, “ನಿಮ್ಮ ಬ್ರೇಕು ಸವೆದಿದೆ, ಮೂರನೇ ಮಹಡಿ ದಾಟುವಾಗ ಕೆಮ್ಮುತ್ತೆ,” ಎಂದಳು. ಅವರು ಹೋದ ಮೇಲೆ ನಾನು ಕೆಲಸ ಬಿಟ್ಟು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದೆ. ಕೆಮ್ಮು ಕೇಳಿಸಲಿಲ್ಲ. ಮತ್ತೆ ಹತ್ತಿದೆ. ಮೀಸೆ, “ಏನ್ ಮೇಡಂ, ಮನೇಲಿ ಲಿಫ್ಟ್ ಇಲ್ವಾ?” ಎಂದ.

ಫೆಬ್ರವರಿ ೨೭, ಮಂಗಳವಾರ

ಅವರ ವರ್ಕ್‌ಶಾಪಿಗೆ ಹೋಗಿದ್ದೆ. ಕೆಳಗೆ ಬಣ್ಣದ ಅಂಗಡಿ, ಮೇಲೆ ಇವರು. ತಮ್ಮ ನನ್ನ ಕಿವಿಗೆ ಹೆಡ್‌ಫೋನ್ ಹಾಕಿ ಕಾಯಿಲೆ ಬಿದ್ದ ಮೋಟಾರುಗಳನ್ನು ಒಂದೊಂದಾಗಿ ಕೇಳಿಸಿದ. “ಇದು ಬೇರಿಂಗ್ ಹೋಗಿರೋದು. ಇದು ಹಗ್ಗ ಸಡಿಲ ಆಗಿರೋದು. ಇದು ಏನೂ ಆಗಿಲ್ಲ, ಅದರ ಸ್ವಭಾವನೇ ಹಾಗೆ.” ಅವನು ನಗುವುದನ್ನು ಮೊದಲ ಬಾರಿಗೆ ನೋಡಿದೆ. ಅಕ್ಕ ಹಿಂದಿನಿಂದ, “ಅವರಿಗೆ ಲೆಕ್ಕ ತೋರ್ಸೋ, ಹಾಡು ಕೇಳ್ಸ್ತಾ ಕೂತಿದೀಯಲ್ಲ,” ಎಂದು ಗದರಿದಳು.

ದೊಡ್ಡ ಗ್ರಾಹಕ ಒಂದು ಆಸ್ಪತ್ರೆ. ಅಲ್ಲಿನ ಎಲ್ಲ ಲಿಫ್ಟುಗಳಿಗೂ ಇವರ ಪೆಟ್ಟಿಗೆ ಹಾಕಿದ್ದಾರೆ. ಅದೊಂದು ಇರುವುದರಿಂದ ಇವರ ಉಸಿರು ನಡೆಯುತ್ತಿದೆ.

ಇದು ನನ್ನದಾಗಬಹುದು ಅನ್ನಿಸುತ್ತಿದೆ. ಹೀಗೆ ಅನ್ನಿಸಿದ ತಕ್ಷಣ ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಎಲ್ಲೋ ತಪ್ಪು ಇರಲೇಬೇಕು, ನಾನು ಹುಡುಕಿಲ್ಲ ಅಷ್ಟೇ.

ಮಾರ್ಚ್ ೧೪, ಗುರುವಾರ

ಗ್ರಾಹಕರಿಗೆ ಫೋನ್ ಮಾಡಿ ವಿಚಾರಿಸುವ ದಿನ. ಆಫೀಸಿನಲ್ಲಿ ಗದ್ದಲವೆಂದು ಮನೆಯಿಂದಲೇ ಮಾಡಿದೆ.

ಕೊನೆಯ ಪ್ರಶ್ನೆ ನನ್ನ ಸ್ವಂತದ್ದು. “ಈ ಕಂಪನಿ ಆರು ತಿಂಗಳಲ್ಲಿ ಮುಚ್ಚಿಹೋದ್ರೆ ನೀವೇನು ಮಾಡ್ತೀರಿ?” ತಲೆ ಕೆಡಿಸಿಕೊಳ್ಳದೆ ‘ಬೇರೆ ನೋಡ್ಕೋತೀವಿ’ ಎಂದರೆ ಆ ಕಂಪನಿ ಯಾರಿಗೂ ಬೇಕಾಗಿಲ್ಲ ಎಂದರ್ಥ. ಗಾಬರಿಯಾದರೆ ಅದು ನಿಜಕ್ಕೂ ಬೇಕು. ಹೋದ ವರ್ಷ ಹೊಸಬರ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟೆ, ಈಗ ಎಲ್ಲ ಫಂಡಿನವರೂ ಕೇಳುತ್ತಾರಂತೆ.

ಆಸ್ಪತ್ರೆಯ ಕಟ್ಟಡ ನೋಡಿಕೊಳ್ಳುವ ಮ್ಯಾನೇಜರ್ ಈ ಪ್ರಶ್ನೆ ಮುಗಿಯುವ ಮೊದಲೇ, “ಯಾಕೆ ಮೇಡಂ, ಮುಚ್ತಾರಾ?” ಎಂದ.

“ಇಲ್ಲ, ಸುಮ್ನೆ ಕೇಳ್ದೆ.”

“ಸುಮ್ನೆ ಯಾರು ಕೇಳ್ತಾರೆ?”

ಒಳ್ಳೆಯ ಗಾಬರಿ. ಇಷ್ಟು ಒಳ್ಳೆಯ ಗಾಬರಿ ಈ ವರ್ಷ ಸಿಕ್ಕಿರಲಿಲ್ಲ. ಫೋನ್ ಇಟ್ಟು ಕೋಣೆಯೊಳಗೇ ಎರಡು ಸುತ್ತು ಹಾಕಿದೆ.

ಹೊರಗೆ ಬಂದರೆ ಅತ್ತೆ ಪೇಪರಿನಿಂದ ತಲೆ ಎತ್ತದೆ, “ಹುಡುಗನ ಬಗ್ಗೆ ವಿಚಾರಿಸೋಕೆ ಹೋಗಿ, ‘ಅವನು ಸತ್ತರೆ ಹುಡುಗಿ ಏನು ಮಾಡ್ಬೇಕು’ ಅಂತ ಕೇಳಿದ ಹಾಗಿತ್ತು,” ಎಂದರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟು ವರ್ಷವಾದರೂ ಬೇರೆಯವರ ಫೋನಿಗೆ ಕಿವಿ ಕೊಡುವುದು ಬಿಟ್ಟಿಲ್ಲ. ಹಡಗಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಬರುವುದು ಇನ್ನು ಜೂನ್‌ಗೆ. ಅಲ್ಲಿಯವರೆಗೆ ನಾವಿಬ್ಬರೇ ಒಬ್ಬರನ್ನೊಬ್ಬರು ಸಹಿಸಿಕೊಳ್ಳಬೇಕು.

ಮಾರ್ಚ್ ೧೮, ಸೋಮವಾರ

ಮೀಟಿಂಗಿಗೆ ಹತ್ತು ನಿಮಿಷ ಇದ್ದಾಗ ಅಕ್ಕನ ಫೋನ್. ಆಸ್ಪತ್ರೆಯವರು ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚಿಕೊಂಡು ಹೋಗಿ ಎಂದಿದ್ದಾರಂತೆ. ಕಾರಣ ಹೇಳಿಲ್ಲವಂತೆ. “ನೀವು ಬೇರೆಯವರಿಂದ ಕೇಳೋ ಮುಂಚೆ ನಾನೇ ಹೇಳ್ಬೇಕು ಅನ್ನಿಸ್ತು,” ಎಂದಳು. ದನಿಯಲ್ಲಿ ಜಂಬವಿರಲಿಲ್ಲ.

ಮೀಟಿಂಗಿನಲ್ಲಿ ಹೇಳಿದೆ. ಮೀಸೆ ಕುರ್ಚಿಗೆ ಒರಗಿ, “ದೊಡ್ಡ ಗಿರಾಕಿನೇ ಕೈ ಬಿಟ್ಟ ಮೇಲೆ ಇನ್ನೇನಿದೆ? ಪೆಟ್ಟಿಗೆ ಕೆಲಸ ಮಾಡ್ತಿಲ್ಲ ಅಂತ ತಾನೇ?” ಎಂದ. ಎಲ್ಲರೂ ತಲೆಯಾಡಿಸಿದರು. ದೊಡ್ಡವರು, “ಯಾಕೆ ತೆಗೆಸಿದ್ರು ಅಂತ ತಿಳ್ಕೊಂಡು ಬಾ. ಮುಂದಿನ ಸೋಮವಾರ ತೀರ್ಮಾನ ಮಾಡೋಣ,” ಎಂದರು.

ಯಾಕೆ ತೆಗೆಸಿದರು? ಕಾರಣ ನನಗೆ ಗೊತ್ತಿಲ್ಲ ಎಂದು ಬರೆಯಲು ಪೆನ್ನು ಎತ್ತಿದೆ, ಬರೆಯಲಾಗಲಿಲ್ಲ.

ಮಾರ್ಚ್ ೧೯, ಮಂಗಳವಾರ

ಆಸ್ಪತ್ರೆಗೆ ಹೋದೆ. ಮ್ಯಾನೇಜರ್ ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದ.

“ನೀವೇ ಅಲ್ವಾ ಫೋನ್ ಮಾಡಿದ್ದು? ದುಡ್ಡು ಹಾಕೋರೇ ಮುಚ್ಚೋ ಮಾತಾಡಿದ್ರೆ ನಾನೇನು ತಿಳ್ಕೊಳ್ಳಿ? ಆಪರೇಶನ್‌ಗೆ ಹೋಗೋ ಪೇಷಂಟ್ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡ್ರೆ ಬಂದು ಉತ್ತರ ಕೊಡ್ತೀರಾ? ಪೆಟ್ಟಿಗೆ ಚೆನ್ನಾಗೇ ಇತ್ತು. ಆದ್ರೆ ನಾಳೆ ಇಲ್ದೇ ಹೋಗೋದನ್ನ ಇವತ್ತು ನಂಬ್ಕೊಂಡು ಕೂರೋಕಾಗಲ್ಲ.”

“ಅವರು ಮುಚ್ತಾರೆ ಅಂತ ನಾನು ಹೇಳಲಿಲ್ಲ.”

“ಮುಚ್ಚಲ್ಲ ಅಂತನೂ ಹೇಳಲಿಲ್ಲ. ಈಗ ಹೇಳಿ, ನೀವು ದುಡ್ಡು ಹಾಕ್ತೀರಾ?”

ತೀರ್ಮಾನವಾಗಿಲ್ಲ ಎಂದೆ.

“ನೋಡಿದ್ರಾ?” ಎಂದು ಅವನು ಎದ್ದು ನಿಂತ.

ಮಾರ್ಚ್ ೨೦, ಬುಧವಾರ

ಉಗುರು ಒಂದೂ ಉಳಿದಿಲ್ಲ.

ಮಾರ್ಚ್ ೨೨, ಶುಕ್ರವಾರ

ತಡೆಯಲಾಗದೆ ಅತ್ತೆಗೆ ಹೇಳಿಬಿಟ್ಟೆ. ‘ನಾನಾಗಲೇ ಹೇಳಲಿಲ್ವಾ’ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಬಟ್ಟೆ ಮಡಿಸುತ್ತಲೇ ಹೇಳಿದರು. “ನಮ್ಮ ಕಾಲದಲ್ಲಿ ದೂರದ ಊರಿಗೆ ಲೈನ್ ಕೊಡೋದು ಅಂದ್ರೆ ಹೆರಿಗೆ ಮಾಡಿಸಿದ ಹಾಗೆ. ‘ಇರಿ, ಕೊಡ್ತಿದೀನಿ’ ಅಂತ ಮಾತ್ರ ಹೇಳ್ಬೇಕಿತ್ತು. ಒಂದ್ಸಲ ಒಬ್ಬರಿಗೆ ‘ಲೈನ್ ಕಟ್ ಆಗ್ಬಹುದು’ ಅಂದುಬಿಟ್ಟೆ. ಆ ಮನುಷ್ಯ ಕಾಯದೇ ತಾನೇ ಇಟ್ಟುಬಿಟ್ಟ. ಆ ಕಡೆಯಿಂದ ಅವನ ತಂಗಿ ಹಲೋ ಹಲೋ ಅಂತಿದ್ಲು.”

“ಆಮೇಲೆ ಏನು ಮಾಡಿದ್ರಿ?”

“ಏನು ಮಾಡೋದು? ಆ ತಂಗಿಗೆ ನಿಜ ಹೇಳ್ದೆ. ಬಾಯಿಗೆ ಬಂದ ಹಾಗೆ ಬೈದ್ಲು.”

ಅತ್ತೆ ಮಡಿಸಿದ ಟವೆಲನ್ನು ನಾನು ಮತ್ತೆ ಬಿಚ್ಚಿ ಮಡಿಸುತ್ತಿದ್ದೆನಂತೆ. ಕೈಯಿಂದ ಕಿತ್ತುಕೊಂಡರು.

ಮಾರ್ಚ್ ೨೫, ಸೋಮವಾರ

ಹೇಳಿಬಿಟ್ಟೆ.

ಮೊದಲು ಆಸ್ಪತ್ರೆಯ ಕಾರಣವನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮೀಸೆ ತಿರುವುತ್ತಿದ್ದ ಮೀಸೆ ಬಿಟ್ಟ. ಆದರೂ, ಕಾರಣ ಏನೇ ಇರಲಿ ಗಿರಾಕಿ ಹೋದದ್ದು ಹೋಯಿತು ಎಂದರು ಎಲ್ಲರೂ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಕೊನೆಗೆ ನನ್ನ ಸರದಿ ಬಂತು. ಒಂಟಿ ಹೌದು ಎಂದೆ. ದನಿ ನನ್ನದಲ್ಲ ಅನ್ನಿಸಿತು.

ದೊಡ್ಡವರು ಕನ್ನಡಕ ತೆಗೆದರು. “ತಡೆಯೋಕೆ ನನಗೆ ಅಧಿಕಾರ ಇಲ್ಲ. ಆದ್ರೆ ಒಂದು ಮಾತು ಕೇಳ್ತೀನಿ. ಇದು ಆ ಕಂಪನಿ ಮೇಲಿನ ನಂಬಿಕೆನಾ, ಇಲ್ಲಾ ನಿನ್ನ ತಪ್ಪಿಗೆ ದಂಡ ಕಟ್ತಿದೀಯಾ?”

“ಎರಡೂ ಇರಬಹುದು. ಬಿಡಿಸಿ ನೋಡೋಕೆ ನನಗೆ ಬರ್ತಿಲ್ಲ.”

“ಸರಿ. ನಿನ್ನ ಹೌದು ಇಲ್ಲಿಗೆ ಮುಗೀತು. ಹೋಗಿ ಅವರಿಗೆ ಹೇಳು. ಫೋನ್ ಮಾಡಿದ್ದನ್ನೂ ಹೇಳು.”

ಭಾರ ಇಳಿಯಬೇಕಿತ್ತು. ಇಳಿದಿಲ್ಲ.

ಮಾರ್ಚ್ ೨೬, ಮಂಗಳವಾರ

ಬಣ್ಣದ ಅಂಗಡಿಯ ಮೆಟ್ಟಿಲು ಹತ್ತುವಾಗ ಮೊದಲು ಹೌದು ಹೇಳುವುದೋ, ತಪ್ಪು ಹೇಳುವುದೋ ಎಂದೇ ಯೋಚಿಸುತ್ತಿದ್ದೆ. ಕೊನೆಗೆ ಹೌದು ಮೊದಲು ಹೇಳಿದೆ, ಹೇಡಿ. ತಮ್ಮ ಎದ್ದು ನಿಂತ, ಕೂತ, ಮತ್ತೆ ಎದ್ದ. ಆಮೇಲೆ ಉಳಿದದ್ದನ್ನು ಹೇಳಿದೆ.

ಅಕ್ಕ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟಳು.

“ಒಂದು ವಾರದಿಂದ ನಾನು ಈ ಪೆಟ್ಟಿಗೆನ ಬಿಚ್ಚಿ ಬಿಚ್ಚಿ ನೋಡ್ತಿದೀನಿ, ಎಲ್ಲಿ ಏನು ತಪ್ಪಾಯ್ತು ಅಂತ. ಇವನಿಗೆ ಬಾಯಿಗೆ ಬಂದ ಹಾಗೆ ಬೈದಿದೀನಿ, ನಿನ್ನ ಲೆಕ್ಕನೇ ಸರಿ ಇಲ್ಲ ಅಂತ. ಎರಡು ದಿನ ಊಟ ಬಿಟ್ಟ ಅವನು.”

“ತಪ್ಪಾಯ್ತು.”

“ಈಗ ಅದಕ್ಕೆ ದುಡ್ಡು ಕೊಡ್ತೀರಾ?”

“ಅದಕ್ಕಲ್ಲ. ನನಗೆ ನಿಮ್ಮ ಕೆಲಸದ ಮೇಲೆ...”

“ಬೇಡ.”

“ಅಕ್ಕಾ!” ಎಂದ ತಮ್ಮ.

“ನೀನು ಸುಮ್ನಿರೋ. ಇವರು ತಮ್ಮ ಹೊಟ್ಟೆಸಂಕಟ ಕಳ್ಕೊಳ್ಳೋಕೆ ಕೊಡ್ತಿದಾರೆ. ನಾಳೆ ಸಂಕಟ ಹೋದ್ಮೇಲೆ ನಮ್ಮ ಗತಿ ಏನು? ಬೇಡ ಮೇಡಂ. ನಿಮ್ಮ ದುಡ್ಡು ನಮಗೆ ಬೇಡ.”

ಎದುರು ಕೂತು, ಮುಖ ನೋಡಿ ಹೇಳಿದಳು. ನಮ್ಮ ನಿಯಮದ ಪ್ರಕಾರವೇ. ಇಷ್ಟು ವರ್ಷ ಈ ಕಡೆ ಕೂತಿದ್ದೆ, ಆ ಕಡೆ ಹೇಗಿರುತ್ತದೆಂದು ಇವತ್ತು ತಿಳಿಯಿತು. ಕಿವಿ ಬಿಸಿಯಾಗುತ್ತದೆ, ಕೈ ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲ, ‘ಥ್ಯಾಂಕ್ಸ್’ ಎಂದುಬಿಡುತ್ತೇವೆ. ನಾನೂ ಥ್ಯಾಂಕ್ಸ್ ಎಂದೆ.

ಹೌದೂ ಹೋಯಿತು, ಕಂಪನಿಯೂ ಹೋಯಿತು. ದೊಡ್ಡವರಿಗೆ ಹೇಳಿದಾಗ ನಕ್ಕರೋ ಏನೋ, ಕೆಮ್ಮಿದ ಹಾಗೆ ಕೇಳಿಸಿತು.

ಏಪ್ರಿಲ್ ೪, ಗುರುವಾರ

ಅತ್ತೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ನಾಲ್ಕನೇ ಮಹಡಿಗೆ ಸ್ವಲ್ಪ ಕೆಳಗೆ, ತರಕಾರಿ ಚೀಲದ ಸಮೇತ. ಆಫೀಸಿನಿಂದ ಓಡಿ ಬಂದೆ. ಮೆಕ್ಯಾನಿಕ್ ಬರುವವರೆಗೂ ಬಾಗಿಲ ಸಂದಿಗೆ ಬಾಯಿಟ್ಟು ಮೆಟ್ಟಿಲ ಮೇಲೆ ಕೂತಿದ್ದೆ. ಭಯವಾಗಿತ್ತು. ಒಳಗಿನಿಂದ ಉತ್ತರ ಬರುವುದು ಒಂದು ಕ್ಷಣ ತಡವಾದರೂ ಬಾಗಿಲು ಬಡಿಯುತ್ತಿದ್ದೆ.

“ಅತ್ತೆ, ಇರಿ, ಬರ್ತಿದಾರೆ.”

“ಅದನ್ನೇ ಹೇಳ್ತಾ ಇರು. ಬೇರೇನೂ ಹೇಳ್ಬೇಡ.”

ಹೇಳುತ್ತಲೇ ಇದ್ದೆ. ಹೊರಗೆ ಬಂದವರ ಕೈ ಹಿಡಿದುಕೊಂಡೆ, ಅವರು ಬಿಡಿಸಿಕೊಳ್ಳಲಿಲ್ಲ. ಮನೆಗೆ ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತು ಮೊಣಕಾಲು ಉಜ್ಜಿಕೊಂಡರು. ಐದನೇ ಮಹಡಿಯಲ್ಲಿ ಹೇಳಿದರು. “ಆ ಹುಡುಗಿ ಪೆಟ್ಟಿಗೆನ ನಮ್ಮ ಲಿಫ್ಟಿಗೆ ಹಾಕಿಸೋಣ. ಈ ಕಟ್ಟಡದ ಸಂಘಕ್ಕೆ ನಾನೇ ತಾನೇ ಕಾರ್ಯದರ್ಶಿ?”

“ಅವಳು ನನ್ನ ಮುಖ ನೋಡಲ್ಲ ಅತ್ತೆ.”

“ನಿನ್ನ ದುಡ್ಡು ಬೇಡ ಅಂದ್ಲು. ನನ್ನ ದುಡ್ಡು ಬೇಡ ಅಂದ್ಲಾ?”

ಏಪ್ರಿಲ್ ೧೩, ಶನಿವಾರ

ಅಕ್ಕ ಬಂದು ಪೆಟ್ಟಿಗೆ ಹಾಕಿದರು. ಅತ್ತೆಯ ಜೊತೆ ನಗುನಗುತ್ತಾ ಮಾತಾಡಿದರು. ನನಗೆ ಹೇಳಿದ್ದು ಎರಡೇ ಮಾತು: “ಟಾರ್ಚ್ ಹಿಡೀರಿ” ಮತ್ತು “ಅಲ್ಲಲ್ಲ, ಇಲ್ಲಿ.” ಲಿಫ್ಟ್ ರೂಮಿನ ಧೂಳಿನಲ್ಲಿ ಒಂದು ಗಂಟೆ ಟಾರ್ಚ್ ಹಿಡಿದು ನಿಂತೆ. ಸೀರೆ ತುಂಬ ಗ್ರೀಸು. ಲಿಫ್ಟು ಬ್ರೇಕು ಹಾಕಿ ನಿಲ್ಲುವಾಗ ಒಂದು ಸಣ್ಣ ಕೆಮ್ಮು ಬಂತು, “ಅದು!” ಎಂದೆ. ಅಕ್ಕ ತಿರುಗಿ ನೋಡಿದರು. “ಹೂಂ. ಅದೇ,” ಎಂದರು.

ಏಪ್ರಿಲ್ ೨೦, ಶನಿವಾರ

ಆಸ್ಪತ್ರೆಯ ಮ್ಯಾನೇಜರನ್ನು ಮತ್ತೆ ನೋಡಿ ಬಂದೆ. ಯಾರೂ ಹೋಗು ಎಂದಿರಲಿಲ್ಲ.

“ಆ ಪ್ರಶ್ನೆ ನಾನು ಎಲ್ಲ ಕಂಪನಿಗಳ ಬಗ್ಗೆನೂ ಕೇಳ್ತೀನಿ. ಅವರು ಮುಚ್ಚೋ ಸುದ್ದಿ ಇದ್ದು ಕೇಳಿದ್ದಲ್ಲ. ನೀವು ಗಾಬರಿ ಆಗ್ತೀರೋ ಇಲ್ವೋ ನೋಡೋಕೆ ಕೇಳಿದ್ದು.”

“ನಾನು ಗಾಬರಿ ಆಗೋದು ನೋಡೋಕಾ?” ಎಂದ. ಅವನಿಗೆ ಸಿಟ್ಟು ಬಂದದ್ದು ಸರಿಯಾಗಿಯೇ ಇತ್ತು. “ಈಗ ಯಾಕೆ ಬಂದ್ರಿ? ದುಡ್ಡು ಹಾಕಿದ್ರಾ?”

“ಇಲ್ಲ. ನಮ್ಮ ಮನೆ ಲಿಫ್ಟಿಗೆ ಹಾಕಿಸಿದೀವಿ. ಹೇಗಿದೆ ಅಂತ ನಮ್ಮ ಅತ್ತೆನ ಕೇಳಿ.” ನಂಬರ್ ಬರೆದುಕೊಟ್ಟು ಬಂದೆ.

ಸಂಜೆ ಅವನು ನಿಜವಾಗಿಯೂ ಫೋನ್ ಮಾಡಿದ. ಅತ್ತೆ ಲಿಫ್ಟಿನಿಂದ ಶುರುಮಾಡಿ ಎಕ್ಸ್‌ಚೇಂಜಿನ ಕಥೆಗಳವರೆಗೆ ಹೋದರು. ಪಾಪದ ಮನುಷ್ಯ.

ಏಪ್ರಿಲ್ ೨೯, ಸೋಮವಾರ

ತಮ್ಮನ ಮೆಸೇಜು: ಆಸ್ಪತ್ರೆಯವರು ಸಾಮಾನು ಸಾಗಿಸುವ ಲಿಫ್ಟಿಗೆ ಒಂದು ಪೆಟ್ಟಿಗೆ ವಾಪಸ್ ಹಾಕಿಸಿದ್ದಾರೆ. ಒಂದೇ ಒಂದು. ಬಾಡಿಗೆ ಕಟ್ಟಲೂ ಸಾಲದಂತೆ, ಆದರೂ ಕೈಲಿರುವುದನ್ನು ಸೇರಿಸಿ ಎರಡು ತಿಂಗಳು ಉಸಿರು ಹಿಡಿಯಬಹುದಂತೆ. ಮೀಟಿಂಗಿನ ನಡುವೆ ಓದಿ ಮೇಜು ಕುಟ್ಟಿದೆ. ಎಲ್ಲರೂ ತಿರುಗಿದರು. ಯಾವ ಕಂಪನಿಯ ಬಗ್ಗೆ ಮಾತು ನಡೆಯುತ್ತಿತ್ತೋ ನೆನಪಿಲ್ಲ.

ಎರಡು ತಿಂಗಳಲ್ಲಿ ನಮಗೆ ದುಡ್ಡು ಹಾಕುವವರು ಬೇರೆ ಯಾರಾದರೂ ಸಿಗಬೇಕು.

ಮೇ ೬, ಸೋಮವಾರ

ಕಿಟಕಿ ರೂಮು ಮೀಸೆಗೆ ಹೋಯಿತು. ಕೇಕ್ ಕತ್ತರಿಸಿದರು, ಚೆನ್ನಾಗಿತ್ತು. ಸಂಜೆ ಬೇಗ ಬಂದೆ. ಲಿಫ್ಟಿನ ಹಗ್ಗ ಸಡಿಲವಾಗುತ್ತಿದೆ ಎಂದು ಪೆಟ್ಟಿಗೆ ಮೂರು ದಿನ ಮೊದಲೇ ಹೇಳಿತ್ತು. ಅಕ್ಕ ಬಂದು ಬಿಗಿ ಮಾಡುವಾಗ ನಾನೂ ಅತ್ತೆಯೂ ಪಕ್ಕದಲ್ಲೇ ನಿಂತಿದ್ದೆವು. ಟೀ ಕುಡಿದು ಹೋದರು.

ಮೇ ೧೫, ಬುಧವಾರ

ಅತ್ತೆಯ ಫೋನ್ ರಿಂಗಾಯಿತು. ಬೇರೆ ಯಾವುದೋ ಫಂಡಿನ ಹುಡುಗಿ, ಪೆಟ್ಟಿಗೆ ಕಂಪನಿಗೆ ದುಡ್ಡು ಹಾಕುವ ಯೋಚನೆಯಲ್ಲಿದ್ದಾರಂತೆ, ಗ್ರಾಹಕರನ್ನು ವಿಚಾರಿಸುತ್ತಿದ್ದಾಳಂತೆ. ಅತ್ತೆ ನನಗೂ ಕೇಳಲೆಂದು ಸ್ಪೀಕರ್ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಎಲ್ಲವೂ ಚೆನ್ನಾಗಿ ನಡೆಯಿತು. ಆಮೇಲೆ ಬಂತು.

“ಕೊನೇ ಪ್ರಶ್ನೆ ಅಮ್ಮಾ. ಈ ಕಂಪನಿ ಆರು ತಿಂಗಳಲ್ಲಿ ಮುಚ್ಚಿಹೋದ್ರೆ ನೀವೇನು ಮಾಡ್ತೀರಿ?”

ಅತ್ತೆ ನನ್ನ ಕಡೆ ಒಮ್ಮೆ ನೋಡಿದರು.

“ಏನು ಮಾಡ್ತೀನಾ? ಮೆಟ್ಟಿಲಿದೆ, ಮೊಣಕಾಲಿಲ್ಲ. ಮುಚ್ಚದೇ ಇರ್ಲಿ ಅಂತ ತಾನೇ ನಿಮ್ಮಂಥೋರು ಇರೋದು? ನೀವೇ ಹೀಗೆ ಕೇಳಿದ್ರೆ ನಾವ್ಯಾರನ್ನ ಕೇಳೋಣ?”

ನಾನು ಫೋನ್ ಎಳೆದುಕೊಂಡೆ. “ಈ ಪ್ರಶ್ನೆ ಆಸ್ಪತ್ರೆಯವರಿಗೆ ಕೇಳಿದ್ರಾ?”

“ಕೇಳ್ದೆ, ಬೆಳಗ್ಗೆ. ನೀವ್ಯಾರು?”

“ಸೊಸೆ. ಅವರೇನಂದ್ರು?”

“‘ಈ ಪ್ರಶ್ನೆಗೆ ಒಂದ್ಸಲ ಹೆದರಿ ಆಗಿದೆ, ಇನ್ನೊಂದ್ಸಲ ಹೆದರಲ್ಲ’ ಅಂದ್ರು. ನನಗೆ ಅರ್ಥ ಆಗ್ಲಿಲ್ಲ.”

ಅತ್ತೆ ಈ ಸಂದರ್ಭ ಬಿಡುತ್ತಾರೆಯೇ, “ನಮ್ಮ ಸೊಸೆದೂ ನಿಮ್ಮದೇ ಕಸುಬು ಕಣಮ್ಮ,” ಎಂದರು. ಯಾವ ಫಂಡ್ ಎಂದು ಆ ಹುಡುಗಿ ಕೇಳಿದಳು. ಹೇಳಿದೆ. ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಅವಳ ಜಾಗದಲ್ಲಿ ನಾನೂ ಕೇಳದೆ ಬಿಡುತ್ತಿರಲಿಲ್ಲ. ಬೇರೆ ಫಂಡಿನವರು ಮೊದಲೇ ನೋಡಿ ಕೈಬಿಟ್ಟಿದ್ದಾರೆಂದರೆ ಅಲ್ಲಿಗೆ ಕಂಪನಿಯ ಕಥೆ ಮುಗಿದಂತೆ.

“ಹಾಗಾದ್ರೆ ನೀವು ಇದನ್ನ ಹತ್ತಿರದಿಂದ ನೋಡಿದೀರಿ. ನೀವ್ಯಾಕೆ ಹಾಕಲಿಲ್ಲ ಮೇಡಂ?”

ಜಾಣತನದ ಉತ್ತರಗಳು ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ.

“ನಾನು ಹೌದು ಅಂದೆ. ಅವರು ಬೇಡ ಅಂದ್ರು.”

“ಬೇಡ ಅಂದ್ರಾ? ದುಡ್ಡು ಬೇಡ ಅಂದ್ರಾ?”

“ಹೂಂ.”

ಅಷ್ಟು ಹೊತ್ತೂ ಕೇಳಿಸುತ್ತಿದ್ದ ಕೀಬೋರ್ಡಿನ ಸದ್ದು ನಿಂತಿತು. “ಯಾಕೆ ಮೇಡಂ?”

“ಅದನ್ನ ಫೋನಲ್ಲಿ ಕೇಳ್ಬೇಡಿ. ಹೋಗಿ, ಎದುರು ಕೂತು ಕೇಳಿ.”

“ಇವತ್ತೇ ಹೋಗ್ತೀನಿ,” ಎಂದಳು. ಗಾಡಿಯ ಕೀ ಹುಡುಕುವ ಸದ್ದೂ ಕೇಳಿಸಿತು.

ಅತ್ತೆ ಚೀಲ ತೆಗೆದುಕೊಂಡು ಹಾಲಿಗೆ ಹೊರಟರು. ಲಿಫ್ಟಿನಲ್ಲೇ ಹೋದರು.